ಬಾವಿಗೆ ಹೋದ ಸೊಸೆ ರೊಟ್ಟಿ ಬಡಿದದ್ದು ಯಾವಾಗ?

ಕಳೆದ ತಿಂಗಳ ಅಂಕಣದ ಕೊನೆಗೆ ಹಳೆಯ ಪುಸ್ತಕಗಳ ಮರುಮುದ್ರಣದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದಷ್ಟು ಪತ್ರ ಅಡುಗೆಯ ಬಗ್ಗೆ ಬರೆದಾಗಲೂ ಬಂದಿರಲಿಲ್ಲ. ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು: ಗದಗಿನಲ್ಲಿ ನಮ್ಮಪ್ಪನದೊಂದು ಸಣ್ಣ ಪ್ರೆಸ್ಸಿತ್ತು. ಲಗ್ನಪತ್ರ, ಜಾತ್ರೆಯ ಕರಪತ್ರ, ಆಗೊಂದು ಈಗೊಂದು ಪುರಾಣ ಅಲ್ಲಿ ಅಚ್ಚಾಗುತ್ತಿದ್ದವು. ಸೀಸದ ಅಚ್ಚಿನ ಮೊಳೆ ಜೋಡಿಸುವುದನ್ನು ನೋಡುತ್ತಲೇ ನಾನು ಅಕ್ಷರ ಕಲಿತೆ, ಅದೂ ಬಲದಿಂದ ಎಡಕ್ಕೆ. ಈಗ ನಾನು, ನನ್ನ ಮಗಳು ಸೇರಿ ವರ್ಷಕ್ಕೊಂದು ಹಳೆಯ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸುತ್ತೇವೆ.

ಅಜ್ಜಿಯ ಟ್ರಂಕಿನಲ್ಲಿ ಒಂದು ಕಾದಂಬರಿ ಸಿಕ್ಕಿದೆ. ರಟ್ಟು ಇಲ್ಲ, ಮೊದಲ ಎಂಟು ಪುಟ ಇಲ್ಲ. ಬರೆದವರು ಯಾರೆಂದು ಗೊತ್ತಿಲ್ಲ. ತುಂಬ ಹಳೆಯದು, ನೂರು ವರ್ಷವಾದರೂ ಆಗಿರಬೇಕು. ಅಚ್ಚು ಹಾಕಿಸಬಹುದಲ್ಲವೇ? — ಓದುಗಿ, ತೀರ್ಥಹಳ್ಳಿ

ಸ್ವಲ್ಪ ತಡೆಯಿರಿ ತಾಯಿ. ಮೊದಲು ಕೊನೆಯ ಪುಟದ ಅಡಿಯನ್ನು ನೋಡಿ. ಮುದ್ರಿಸಿದವರ ಹೆಸರು, ಊರು ಪುಸ್ತಕದಲ್ಲಿ ಇರಲೇಬೇಕೆಂದು 1867ರ ಕಾಯಿದೆ ಹೇಳುತ್ತಿತ್ತು. ಎಷ್ಟೋ ಪ್ರೆಸ್ಸಿನವರು ಅದನ್ನು ಕೊನೆಯ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಹಾಕುತ್ತಿದ್ದರು. ಊರು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಧಾರವಾಡ ಎಂದಿದ್ದರೆ ಅದು ಮುಂಬಯಿ ಪ್ರಾಂತದ ಪುಸ್ತಕ, ಮಂಗಳೂರು ಎಂದಿದ್ದರೆ ಮದರಾಸಿನದು. ಅದೇ ಕಾಯಿದೆಯಂತೆ ಸರ್ಕಾರಗಳು ಮೂರು ತಿಂಗಳಿಗೊಮ್ಮೆ ಅಚ್ಚಾದ ಪುಸ್ತಕಗಳ ಪಟ್ಟಿ ಹೊರಡಿಸುತ್ತಿದ್ದವು. ಯಾವ ಪ್ರಾಂತ ಎಂದು ತಿಳಿದರೆ ಯಾವ ಪಟ್ಟಿಯಲ್ಲಿ ಹುಡುಕಬೇಕೆಂದು ತಿಳಿಯುತ್ತದೆ.

ಇನ್ನು ಹಕ್ಕಿನ (ಕಾಪಿರೈಟ್) ಮಾತು. ಪುಸ್ತಕ ಎಷ್ಟು ಹಳೆಯದು ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಬರೆದವರು ತೀರಿಕೊಂಡದ್ದು ಯಾವಾಗ ಎನ್ನುವುದು ಮುಖ್ಯ. ಅವರು ಹೋದ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಇರುತ್ತದೆ. ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು, ಅವರು ಬದುಕಿದ್ದಾಗ ಪ್ರಕಟವಾದದ್ದೆಲ್ಲ 2024ರ ಜನವರಿ 1ಕ್ಕೆ ಮುಕ್ತವಾಯಿತು. ಆಲೂರ ವೆಂಕಟರಾಯರು 1964ರಲ್ಲಿ ಹೋದರು, ಅವರದು 2025ಕ್ಕೆ. ಈಗ ನಂಜನಗೂಡು ತಿರುಮಲಾಂಬ ಅವರನ್ನು ನೋಡಿ. ‘ಸುಶೀಲೆ’ ಬಂದದ್ದು 1913ರಲ್ಲಿ, ನೂರು ವರ್ಷ ದಾಟಿದೆ. ಆದರೆ ತಾಯಿ 1982ರವರೆಗೆ ಬದುಕಿದ್ದರು. ಹಾಗಾಗಿ 2042 ಮುಗಿಯುವ ತನಕ ವಾರಸುದಾರರ ಒಪ್ಪಿಗೆ ಬೇಕು, ಅದೂ ಬರವಣಿಗೆಯಲ್ಲಿ. ಫೋನಿನಲ್ಲಿ ‘ಹೂಂ ಮಾಡ್ಕೊಳ್ರಿ’ ಅಂದದ್ದು ನಾಳೆ ಇನ್ನೊಬ್ಬ ಮೊಮ್ಮಗ ಎದ್ದು ಬಂದಾಗ ಕೆಲಸಕ್ಕೆ ಬರುವುದಿಲ್ಲ. ಹೆಸರಿಲ್ಲದೆಯೇ ಪ್ರಕಟವಾದ ಪುಸ್ತಕವಾದರೆ ಪ್ರಕಟಣೆಯ ವರ್ಷದಿಂದ 60 ಎಣಿಸಬೇಕು. ಆದರೆ ನಿಮ್ಮದು ಹೆಸರಿಲ್ಲದ ಪುಸ್ತಕ ಅಲ್ಲ, ಹೆಸರಿನ ಹಾಳೆ ಕಳೆದುಕೊಂಡ ಪುಸ್ತಕ. ಎರಡೂ ಒಂದೇ ಅಲ್ಲ.

ಒಂಬತ್ತನೆಯ ಪುಟದ ಮೊದಲ ಎರಡು ವಾಕ್ಯ ಬರೆದು ಕಳಿಸಿ, ಇಲ್ಲೇ ಹಾಕೋಣ. ಇನ್ಯಾರದಾದರೂ ಅಜ್ಜಿಯ ಟ್ರಂಕಿನಲ್ಲಿ ಉಳಿದ ಎಂಟು ಪುಟ ಇದ್ದಾವು.

ನೀವು ಹೊರತಂದ ಕಾದಂಬರಿಯಲ್ಲಿ ‘ಅಳಹತ್ತಿದಳು’, ‘ಹ್ಯಾಗೆ’, ‘ಯಾತಕ್ಕೆ’, ‘ಪರಂತು’ ಎಂದೆಲ್ಲ ಇದೆ. ಇಂದಿನ ಓದುಗರಿಗಾಗಿ ತಿದ್ದಬಾರದಿತ್ತೇ? ಕರಡು ನೋಡಿದವರು ಯಾರು? — ನಿವೃತ್ತ ಅಧ್ಯಾಪಕರು, ಮೈಸೂರು

ಕರಡು ನೋಡಿದವಳು ನಾನೇ ಸರ್. ನೋಡಿಯೇ ಬಿಟ್ಟದ್ದು.

ಡಿಟಿಪಿ ಮಾಡುವ ಹುಡುಗ ನಿಮ್ಮ ಹಾಗೆಯೇ ಯೋಚಿಸಿ ಎಲ್ಲ ಕಡೆ ‘ಅಳತೊಡಗಿದಳು’ ಮಾಡಿಟ್ಟಿದ್ದ. ಒಂದೊಂದನ್ನೇ ಮತ್ತೆ ‘ಹತ್ತಿ’ಸಿದೆ. ನೂರು ವರ್ಷದ ಹಿಂದೆ ಧಾರವಾಡ, ಹಾವೇರಿ, ಬಾಗಲಕೋಟೆ ಕಡೆಯವರು ಬರೆದ ಗದ್ಯ ಹಾಗೇ ಇತ್ತು. ಗಳಗನಾಥರದಾಗಲಿ ಕೆರೂರ ವಾಸುದೇವಾಚಾರ್ಯರದಾಗಲಿ ತೆಗೆದು ನೋಡಿ, ಮನೆಯ ಮಾತು, ಮರಾಠಿಯ ನಂಟು, ಸಂಸ್ಕೃತದ ಶಾಲು ಎಲ್ಲ ಒಟ್ಟಿಗೆ ಇರುತ್ತವೆ. ಗಳಗನಾಥರು ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಆ ಭಾಷೆ ಅರ್ಥವಾಗದಿದ್ದರೆ ಯಾರಾದರೂ ಕೊಳ್ಳುತ್ತಿದ್ದರೇ? ‘ಅಳಹತ್ತಿದಳು’ ಎಂಬಲ್ಲಿ ಅಳು ಬಂದು ಹತ್ತಿಕೊಳ್ಳುತ್ತದೆ, ಬೆಂಕಿ ಹತ್ತಿಕೊಂಡ ಹಾಗೆ. ‘ತೊಡಗಿದಳು’ ಎಂದರೆ ಅವಳೇ ಕೂತು ಶುರುಮಾಡಿದ ಹಾಗೆ. ನಿಮಗೆ ಎರಡೂ ಒಂದೇ ಎನಿಸಬಹುದು, ನನಗೆ ಎನಿಸುವುದಿಲ್ಲ.

ಹಾಗಂತ ನಾನು ಏನನ್ನೂ ಮುಟ್ಟುವುದಿಲ್ಲ ಎಂದಲ್ಲ. ಹಳೆಯ ಅಚ್ಚಿನಲ್ಲಿ ಮೂರು ಪುಟಕ್ಕೊಂದು ಪ್ಯಾರಾ ಇರುತ್ತದೆ. ಯಾರು ಮಾತಾಡಿದರೆಂದು ತಿಳಿಯಲು ಉದ್ಧರಣ ಚಿಹ್ನೆ ಇರುವುದಿಲ್ಲ. ಅಲ್ಲಿ ಸಾಲು ಒಡೆಯುತ್ತೇನೆ, ಚಿಹ್ನೆ ಹಾಕುತ್ತೇನೆ. ‘ಯೆಂದು’, ‘ವೊಂದು’ ಇದ್ದರೆ ‘ಎಂದು’, ‘ಒಂದು’ ಮಾಡುತ್ತೇನೆ, ಓದುವಾಗ ಎರಡೂ ಬಾಯಲ್ಲಿ ಒಂದೇ. ಎಲ್ಲಿ ಏನು ಮಾಡಿದೆ ಎಂದು ಮೊದಲಲ್ಲೇ ಒಂದು ಪುಟ ಬರೆಯುತ್ತೇನೆ. ಅಷ್ಟೇ ನನ್ನ ಕಾನೂನು: ಕಿವಿಗೆ ಬೇರೆಯಾಗಿ ಕೇಳುವುದನ್ನು ಮುಟ್ಟಬಾರದು.

ಇನ್ನೊಂದು ವಿಷಯ ವಿದ್ವಾಂಸರ ಗಮನಕ್ಕೆ ಅಷ್ಟಾಗಿ ಬರುವುದಿಲ್ಲ. ಕನ್ನಡದ ಒತ್ತಕ್ಷರಕ್ಕೆ ಬೇರೆ ಮೊಳೆ, ಅದಕ್ಕೆ ಬೇರೆ ಖಾನೆ. ಒಂದು ಫಾರಂ (ಒಟ್ಟಿಗೆ ಅಚ್ಚಾಗುವ 16 ಪುಟದ ಕಂತೆ) ಜೋಡಿಸುತ್ತಿರುವಾಗ ಯಾವುದೋ ಒತ್ತು ಮುಗಿದರೆ ನಮ್ಮಪ್ಪ ಲೇಖಕರನ್ನು ಕೇಳುತ್ತಿರಲಿಲ್ಲ, ಒತ್ತು ಬೇಡದ ರೂಪ ಹಾಕಿ ಮುಂದೆ ಹೋಗುತ್ತಿದ್ದರು. ಒಂದೇ ಪದ ಹತ್ತನೆಯ ಪುಟದಲ್ಲಿ ಒಂದು ಥರ, ಹದಿನೈದರಲ್ಲಿ ಇನ್ನೊಂದು ಥರ ಇದ್ದರೆ ಅದರಲ್ಲಿ ಲೇಖಕರ ಉದ್ದೇಶ ಹುಡುಕಿ ಪ್ರಬಂಧ ಬರೆಯುವ ಮುನ್ನ ಮೊಳೆಯ ಖಾನೆಯನ್ನೂ ಒಮ್ಮೆ ನೆನೆಯಿರಿ.

ಹಳೆಯದನ್ನು ಹೊಸದು ಮಾಡುವ ಆಸೆ ನಮಗೆ. ನಂದಳಿಕೆಯ ಮುದ್ದಣನಿಗೆ ಅದರ ತಿರುವು ಮುರುವು. ತಾನೇ ಬರೆದದ್ದನ್ನು ಯಾವುದೋ ಹಳೆಯ ಕವಿಯದೆಂದು ಹೇಳಿ ಮೈಸೂರಿಗೆ ಕಳಿಸಿ ಅಚ್ಚು ಹಾಕಿಸಿದ, ನಿಮ್ಮೂರಿನವರು ನಂಬಿಯೂ ಬಿಟ್ಟರು. ಅವನ ಹಳಗನ್ನಡವನ್ನು ‘ಇಂದಿನ ಓದುಗರಿಗಾಗಿ’ ತಿದ್ದಿದರೆ ಆ ಆಟವೆಲ್ಲಿ ಉಳಿದೀತು?

ಎಲ್ಲ ಹಳೆಯ ಪುಸ್ತಕವೂ ಇಂಟರ್‌ನೆಟ್‌ನಲ್ಲಿ ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತದೆ. ಓಸಿಆರ್ (ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರಾಂಶ) ಹಾಕಿದರೆ ಅರ್ಧ ಗಂಟೆಯಲ್ಲಿ ಪಠ್ಯವೂ ಬರುತ್ತದೆ. ನೀವು ವರ್ಷಗಟ್ಟಲೆ ಮಾಡುವುದೇನು? — ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಎಲ್ಲ ಸಿಗುವುದಿಲ್ಲ, ತುಂಬ ಸಿಗುತ್ತದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿವೆ. ನಿಮ್ಮ ಬೆಂಗಳೂರಿನಲ್ಲೇ ‘ಸರ್ವೆಂಟ್ಸ್ ಆಫ್ ನಾಲೆಜ್’ ಬಳಗದವರು ಇಂದಿಗೂ ಸ್ಕ್ಯಾನ್ ಮಾಡುತ್ತಿದ್ದಾರೆ. ಅವರಿಗೆ ನಾನು ಕೈ ಮುಗಿಯುತ್ತೇನೆ. ಹುಡುಕುವಾಗ ಮಾತ್ರ ಹೆಸರನ್ನು ನಾಲ್ಕು ಥರ ಬರೆದು ನೋಡಬೇಕು, ಕನ್ನಡದ ಹೆಸರು ಇಂಗ್ಲಿಷ್ ಅಕ್ಷರಕ್ಕೆ ಹೋಗಿ ಬಂದರೆ ಹೆತ್ತವರಿಗೇ ಗುರುತು ಸಿಗುವುದಿಲ್ಲ.

ಓಸಿಆರ್ ನಾವೂ ಹಾಕುತ್ತೇವೆ, ಗೂಗಲ್ ಡ್ರೈವ್‌ನಲ್ಲಿ. ಚೆನ್ನಾಗಿಯೇ ಬರುತ್ತದೆ. ಆದರೆ ಮಸಿ ಹರಡಿದ ಹಳೆಯ ಅಚ್ಚಿನಲ್ಲಿ ‘ಮ’ ಮತ್ತು ‘ಯ’, ‘ವ’ ಮತ್ತು ‘ಪ’, ‘ಘ’ ಮತ್ತು ‘ಫ’ ಅಣ್ಣತಮ್ಮಂದಿರು. ‘ಮನೆ’ ಹೋಗಿ ‘ಯನೆ’ ಆದರೆ ಚಿಂತೆಯಿಲ್ಲ, ಕಣ್ಣಿಗೆ ಚುಚ್ಚುತ್ತದೆ. ‘ಮಾವ’ ಹೋಗಿ ‘ಯಾವ’ ಆದರೆ? ‘ವರನ ಕಡೆಯವರು’ ಹೋಗಿ ‘ಪರನ ಕಡೆಯವರು’ ಆದರೆ? ಎರಡೂ ಕನ್ನಡವೇ, ಯಾವ ಸಾಫ್ಟ್‌ವೇರೂ ಕೆಂಪು ಗೆರೆ ಎಳೆಯುವುದಿಲ್ಲ. ಒಬ್ಬರು ಹಳೆಯ ಪುಸ್ತಕ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹೊಸ ಕರಡಿನ ಮೇಲೆ ಬೆರಳಿಟ್ಟು ಕೇಳಬೇಕು. ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಹತ್ತು ಪುಟ.

ಅಷ್ಟಾಗಿಯೂ ನಾವು ಮಾಡಿದ ಘನಕಾರ್ಯ ಕೇಳಿ. ಹಿಂದೊಮ್ಮೆ 1920ರ ದಶಕದ ಒಂದು ಕಾದಂಬರಿಯನ್ನು ಮಗಳು ಮೊಬೈಲಿನಲ್ಲೇ ಫೋಟೊ ತೆಗೆದಳು. ಒಂದು ಕಡೆ ಎರಡು ಹಾಳೆ ಅಂಟಿಕೊಂಡಿದ್ದವು, ಒಟ್ಟಿಗೆ ಮಗುಚಿದಳು. 110, 111 ಆದ ಮೇಲೆ ನೇರ 114, 115. ಪುಟದ ಅಂಕಿ ಇದ್ದಿದ್ದರೆ ಸಿಕ್ಕಿಬೀಳುತ್ತಿದ್ದೆವು, ಆದರೆ ಪಠ್ಯದ ನಡುವೆ ಅಡ್ಡಬರುತ್ತದೆಂದು ಅಂಕಿಗಳನ್ನೆಲ್ಲ ಮೊದಲೇ ಅಳಿಸಿಬಿಟ್ಟಿದ್ದೆವು. ಪುಸ್ತಕವನ್ನು ಅದರ ಒಡೆಯರಿಗೆ ಹಿಂದಿರುಗಿಸಿಯೂ ಆಗಿತ್ತು, ಆ ಸಲ ಫೋಟೊದೊಡನೆಯೇ ಕರಡನ್ನು ಹೋಲಿಸಿ ನೋಡಿದೆವು. 111ರ ಕೊನೆಯ ಸಾಲಿನಲ್ಲಿ ಸೊಸೆ ಕೊಡ ಹೊತ್ತು ‘ಬಾವಿಯ ಕಡೆಗೆ’. 114ರ ಮೊದಲ ಸಾಲು ‘ನೋಡುತ್ತ ರೊಟ್ಟಿ ಬಡಿಯಹತ್ತಿದಳು’. ವ್ಯಾಕರಣಕ್ಕೆ ಏನೂ ಕೊರತೆಯಿಲ್ಲ! ನಾನು ಓದಿದೆ, ಮಗಳು ಓದಿದಳು, ಮುನ್ನುಡಿ ಬರೆದವರು ಓದಿ, ಲೇಖಕರು ಹೇಳದೆಯೇ ಹೇಳುವ ಕಲೆಯನ್ನು ಹೊಗಳಿದರು. ಪುಸ್ತಕ ಬಂದ ಎರಡನೆಯ ತಿಂಗಳು ಇಳಕಲ್ಲಿನಿಂದ ಒಬ್ಬ ಹೆಣ್ಣುಮಗಳ ಫೋನು: “ಅಕ್ಕಾರ, ನಿಮ್ಮ ಪುಸ್ತಕದಾಗ ಸೊಸಿ ಬಾವಿಗೆ ಹೋದಾಕಿ ತಿರುಗಿ ಮನಿಗೆ ಬಂದೇ ಇಲ್ಲಲ್ರಿ. ತಲಿ ಮ್ಯಾಲ ಕೊಡಾ ಇಟ್ಕೊಂಡು ರೊಟ್ಟಿ ಹ್ಯಾಂಗ ಬಡದ್ಲು?”

ಕಥೆಯ ಗಂಟು ಆ ಎರಡು ಪುಟದಲ್ಲೇ ಇತ್ತು. ಬಾವಿಯ ಕಟ್ಟೆಯ ಮೇಲೆ ಅವಳ ಕೈಗೆ ಗಂಡನ ಕಾಗದ ಸಿಗುತ್ತದೆ.

ಈಗ ಫೋಟೊ ತೆಗೆದ ದಿನವೇ ಅಂಕಿ ಎಣಿಸುತ್ತೇವೆ. ಹಳೆಯ ಪುಸ್ತಕದಲ್ಲಿ 16 ಪುಟಕ್ಕೊಮ್ಮೆ ಪುಟದ ಅಡಿಯಲ್ಲಿ ಒಂಟಿ ಅಂಕಿಯೊಂದು ಇರುವುದನ್ನು ನೀವು ನೋಡಿರಬಹುದು. ಅದು ಫಾರಮ್ಮಿನ ಸಂಖ್ಯೆ, ಬೈಂಡ್ ಮಾಡುವವರಿಗಾಗಿ ಹಾಕಿದ್ದು. ಅದನ್ನೂ ನೋಡುತ್ತೇವೆ.

ಹಳೆಯ ಪುಸ್ತಕಗಳಲ್ಲಿ ಜಾತಿಯ ಹೆಸರು ಹಿಡಿದು ಬೈದ ಮಾತು, ವಿಧವೆಯರನ್ನು ಹೀಗಳೆಯುವ ಮಾತು ಬರುತ್ತವೆ. ಹಾಗೇ ಅಚ್ಚು ಹಾಕುವುದು ಸರಿಯೇ? — ಸಂಶೋಧನ ವಿದ್ಯಾರ್ಥಿನಿ, ಕಲಬುರಗಿ

ಒಂದನ್ನೂ ತೆಗೆಯಬಾರದು, ಆದರೆ ಸುಮ್ಮನೆಯೂ ಇರಬಾರದು. ಪುಟದ ಅಡಿಯಲ್ಲಿ ಟಿಪ್ಪಣಿ ಹಾಕಿ, ನಿಮ್ಮ ಹೆಸರು ಹಾಕಿ ಸಿಟ್ಟಾಗಿ. ತೆಗೆದುಹಾಕಿದರೆ ಆ ಕಾಲದವರೆಲ್ಲ ಸಜ್ಜನರಂತೆ ಕಾಣುತ್ತಾರೆ. ಆಗ ಅವರೊಡನೆ ಜಗಳ ಕಾದವರ ಕಷ್ಟ ಯಾರಿಗೂ ತಿಳಿಯುವುದಿಲ್ಲ. ಗುಲ್ವಾಡಿ ವೆಂಕಟರಾಯರು 1899ರಲ್ಲಿ ‘ಇಂದಿರಾಬಾಯಿ’ಯಲ್ಲಿ ವಿಧವೆಗೆ ಮರುಮದುವೆ ಮಾಡಿಸಿದರು. ಸುತ್ತಲಿನ ಬೈಗುಳವನ್ನೆಲ್ಲ ಒರೆಸಿ ಅದನ್ನು ಓದಿದರೆ ‘ಇದರಲ್ಲೇನು ದೊಡ್ಡ ಮಾತು’ ಅನಿಸೀತು.

ಎಷ್ಟು ಪ್ರತಿ ಹಾಕಿಸಬೇಕು? ಹಾಕಿದ ದುಡ್ಡು ಬರುತ್ತದೆಯೇ? — ಹೊಸಪೇಟೆ

ನಾವು ಹಾಕಿಸುವುದು 300. ಡೆಮಿ ಅಷ್ಟದಳದಲ್ಲಿ (ಕಾದಂಬರಿಗಳ ಸಾಮಾನ್ಯ ಗಾತ್ರ) 240 ಪುಟ, ಅಂದರೆ 15 ಫಾರಂ. ಮೊದಲ ನೂರೋ ನೂರೈವತ್ತೋ ಬೇಗ ಹೋಗುತ್ತವೆ, ಉಳಿದದ್ದು ನಾಲ್ಕು ವರ್ಷ ಮಂಚದ ಕೆಳಗಿರುತ್ತದೆ. ದುಡ್ಡು ಬರುತ್ತದೆ, ಬಡ್ಡಿ ಬರುವುದಿಲ್ಲ. ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆಗೆ) ನಮ್ಮ ದೇಶದಲ್ಲಿ ಶುಲ್ಕವಿಲ್ಲ, ಮಾಡಿಸಿಕೊಡುತ್ತೇನೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. 1954ರ ಕಾಯಿದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಚೆನ್ನೈ, ಮುಂಬಯಿ, ದೆಹಲಿಗೆ ಒಂದೊಂದು ಕಳಿಸಬೇಕು. ಬೇಸರ ಪಡದೆ ಕಳಿಸಿ, ನೂರು ವರ್ಷದ ಮೇಲೆ ನನ್ನಂಥ ಹುಚ್ಚಿ ಯಾವಳಾದರೂ ಹುಡುಕಿಕೊಂಡು ಹೋದಾಳು.

ನಮ್ಮ ಅಜ್ಜನವರ ಅಪ್ರತಿಮ ಕವನ ಸಂಕಲನವನ್ನು ನೀವು ಮರುಮುದ್ರಣ ಮಾಡಬೇಕೆಂದು ನಮ್ಮ ಕುಟುಂಬದ ಆಗ್ರಹ. — ದಾವಣಗೆರೆ

ಕುಟುಂಬದಲ್ಲಿ ಎಷ್ಟು ಜನ ಅದನ್ನು ಪೂರ್ತಿ ಓದಿದ್ದೀರಿ? ಇಬ್ಬರಿದ್ದರೂ ಸಾಕು, ಕಳಿಸಿ, ಓದುತ್ತೇನೆ.

ನಮ್ಮ ಶಾಲೆಯ ಗ್ರಂಥಾಲಯದ ಹಳೆಯ ಪುಸ್ತಕದ ಕೊನೆಗೆ ‘ತಪ್ಪು–ಒಪ್ಪು’ ಎಂದು ಪಟ್ಟಿ ಇದೆ. ಮರುಮುದ್ರಣದಲ್ಲಿ ಅದನ್ನು ಏನು ಮಾಡುತ್ತಾರೆ? — 9ನೇ ತರಗತಿ, ಮುಂಡರಗಿ

ಜಾಣ ಪ್ರಶ್ನೆ, ಮಗಾ. ಅದನ್ನು ತಪ್ಪೋಲೆ ಅಂತಲೂ, ಒಪ್ಪೋಲೆ ಅಂತಲೂ ಕರೆಯುತ್ತಿದ್ದರು. ಮರುಮುದ್ರಣ ಮಾಡುವವರು ಮೊದಲು ತಿರುವಬೇಕಾದದ್ದೇ ಆ ಪುಟ. ಅದರಲ್ಲಿರುವ ‘ಒಪ್ಪು’ಗಳನ್ನೆಲ್ಲ ಒಳಗೆ ಸೇರಿಸಿ ಆಮೇಲೆ ಪಟ್ಟಿ ತೆಗೆಯಬೇಕು. ಕೆಲವರು ತಪ್ಪನ್ನೂ ಉಳಿಸಿ, ಪಟ್ಟಿಯನ್ನೂ ಉಳಿಸಿ ಅಚ್ಚು ಹಾಕಿದ್ದುಂಟು. ಇನ್ನು ಕೆಲವರು ತಪ್ಪನ್ನು ಉಳಿಸಿ ಪಟ್ಟಿಯನ್ನು ತೆಗೆದದ್ದೂ ಉಂಟು.

ನಮ್ಮದೂ ಒಂದು ಒಪ್ಪೋಲೆಯ ಕಥೆಯೇ. ಇಳಕಲ್ಲಿನಿಂದ ಫೋನು ಬರುವ ಹೊತ್ತಿಗೆ 300ರಲ್ಲಿ 140 ಪ್ರತಿ ಮಾರಿಹೋಗಿತ್ತು. ಬಿಟ್ಟುಹೋದ ಎರಡು ಪುಟವನ್ನು ಬಿಡಿ ಹಾಳೆಯಾಗಿ ಅಚ್ಚು ಹಾಕಿಸಿ ಉಳಿದ 160ರೊಳಗೆ ಇಟ್ಟೆವು. ಅಂಚೆಯಲ್ಲಿ ತರಿಸಿಕೊಂಡ 90 ಜನರ ವಿಳಾಸ ಇತ್ತು, ಅವರಿಗೆ ಕಳಿಸಿದೆವು. ಮಿಕ್ಕ 50 ಮಂದಿ ಮಳಿಗೆಯಲ್ಲಿ ನಗದು ಕೊಟ್ಟು ಒಯ್ದವರು, ಹೆಸರೂ ಗೊತ್ತಿಲ್ಲ. ಅವರ ಪಾಲಿನ ಹಾಳೆಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಮೇಜಿನ ಖಾನೆಯಲ್ಲಿಟ್ಟಿದ್ದೇನೆ. ನಿಮ್ಮ ಮನೆಯಲ್ಲಿರುವ ಯಾವುದಾದರೂ ಕಾದಂಬರಿಯ 97ನೇ ಪುಟದಲ್ಲಿ (ನಮ್ಮ ಹೊಸ ಅಚ್ಚಿನ ಲೆಕ್ಕ) ಸೊಸೆಯೊಬ್ಬಳು ಕೊಡ ಹೊತ್ತು, ಬಾವಿಯ ಕಡೆಗೆ ನೋಡುತ್ತ ರೊಟ್ಟಿ ಬಡಿಯುತ್ತಿದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಅಂಚೆ ಖರ್ಚು ನಮ್ಮದು.