ಕ್ಷಮೆ ಕೇಳುವ ಬದಲು ಒಂದು ಭೂಪಟ

ಹೇಳಿದ ದಿನಕ್ಕೆ ಕೆಲಸ ಮುಗಿಸಲಾಗದವರು ಅದನ್ನು ಒಪ್ಪಿಕೊಳ್ಳುವ ಬದಲು ಇನ್ನೂ ದೊಡ್ಡ ಮಾತು ಕೊಟ್ಟು ಸಿಕ್ಕಿಹಾಕಿಕೊಳ್ಳುವುದನ್ನು ಮಂಗಳೂರಿನ ನನ್ನ ಆಪ್ತಸಲಹಾ ಕೊಠಡಿಯಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದೇನೆ. ಮದುವೆಯ ರವಿಕೆ ಹೊಲಿಯುವವರು, ಮನೆಯಲ್ಲಿ ಕೇಕ್ ಮಾಡಿ ಮಾರುವವರು, ಮನೆ ಕಟ್ಟಿಸಿಕೊಡುವ ಗುತ್ತಿಗೆದಾರರು, ತಡವಾದ ಒಂದು ಅಧ್ಯಾಯದ ಜೊತೆಗೆ ಇನ್ನೊಂದನ್ನೂ ಬರೆದು ಕೊಡುತ್ತೇನೆಂದು ಮಾರ್ಗದರ್ಶಕರಿಗೆ ಹೇಳಿ ಬರುವ ಸಂಶೋಧನಾ ವಿದ್ಯಾರ್ಥಿಗಳು, ಹೀಗೆ ವೃತ್ತಿ ಬೇರೆಯಾದರೂ ನಡೆ ಒಂದೇ. ಇವರಲ್ಲಿ ಮೋಸಗಾರರು ಬಹಳ ಕಡಿಮೆ. ಹೆಚ್ಚಿನವರು ಅತಿಯಾದ ಮರ್ಯಾದೆಯ ಪ್ರಜ್ಞೆಯಿಂದ ನರಳುವವರು. ಇಲ್ಲಿ ಬರೆಯುತ್ತಿರುವುದು ಉಡುಪಿ ಜಿಲ್ಲೆಯ ಯುವಕರೊಬ್ಬರ ಪ್ರಕರಣ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ ಅಥವಾ ಬಿಟ್ಟಿದ್ದೇನೆ.

ಅವರು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸುತ್ತಾರೆ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ತಲಾ ಒಂದು ಪಾತ್ರ ವಹಿಸುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ. ಪಾತ್ರ ಕೈಹಾಕಿದ ಕೆಲಸ ಕೈಗೂಡಿತೇ ಇಲ್ಲವೇ ಎಂಬುದನ್ನು ದಾಳ ನಿರ್ಧರಿಸುತ್ತದೆ. ತಾಳಮದ್ದಳೆಯನ್ನು ಬಲ್ಲ ಕರಾವಳಿಯವರಿಗೆ ಇದು ಅಪರಿಚಿತ ಎನಿಸಬೇಕಾಗಿಲ್ಲ. ಅಲ್ಲಿಯೂ ಪ್ರಸಂಗದ ಪದ್ಯಗಳು ಮೊದಲೇ ಇರುತ್ತವೆ, ಭಾಗವತರು ನಡೆಸುತ್ತಾರೆ, ಅರ್ಥಧಾರಿಯ ಮಾತು ಮಾತ್ರ ಆ ಹೊತ್ತಿಗೆ ಹುಟ್ಟುತ್ತದೆ. ಇವರು ಮಾರುವ ಪುಸ್ತಕ ಆ ಪ್ರಸಂಗದ ಸ್ಥಾನದಲ್ಲಿದೆ. ಬರವಣಿಗೆ, ನಿಯಮಗಳ ಪರೀಕ್ಷೆ, ಪುಟವಿನ್ಯಾಸ, ಚಿತ್ರಕಾರರೊಂದಿಗೆ ವ್ಯವಹಾರ, ಲೆಕ್ಕಪತ್ರ, ಪ್ಯಾಕಿಂಗ್, ಅಂಚೆ, ದೂರುಗಳಿಗೆ ಉತ್ತರ, ಎಲ್ಲವೂ ಒಬ್ಬರದೇ ಕೆಲಸ. ಡಿಜಿಟಲ್ ಪ್ರತಿಗಳನ್ನು ಮಾರುವ ಪ್ರಮುಖ ಅಂಗಡಿ ಬೆಲೆಯ ಸುಮಾರು ಮೂರನೇ ಒಂದು ಭಾಗವನ್ನು ತಾನೇ ಇಟ್ಟುಕೊಳ್ಳುವುದರಿಂದ, ಅಚ್ಚಿನ ಪ್ರತಿಗೆ ಓದುಗರಿಂದ ನೇರವಾಗಿ ಬರುವ ಮುಂಗಡವೇ ಅವರ ನಿಜವಾದ ಬಂಡವಾಳವಾಗಿತ್ತು.

2022ರ ಕೊನೆಯಲ್ಲಿ ಅವರು 96 ಪುಟಗಳ ಒಂದು ಪುಸ್ತಕಕ್ಕೆ ಮುಂಗಡ ಸಂಗ್ರಹಿಸಿದರು. ಜನರಿಂದ ಮುಂಗಡ ಸಂಗ್ರಹಿಸಲು ಈ ಕ್ಷೇತ್ರದವರು ಹೆಚ್ಚಾಗಿ ಬಳಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ಭಾರತದಿಂದ ನೇರವಾಗಿ ಯೋಜನೆ ತೆರೆಯಲು ಅವಕಾಶವಿಲ್ಲದ್ದರಿಂದ ತಾವೇ ಹಣ ಪಡೆದರು. ಮುನ್ನೂರಕ್ಕೂ ಹೆಚ್ಚು ಜನ ಕೊಟ್ಟರು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಹೊರದೇಶದವರು. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ ಮೂಲ ಆಟದ ನಿಯಮಗಳನ್ನು ಇತರ ಪ್ರಕಾಶಕರೂ ಬಳಸಲು 2000ದಿಂದ ಒಂದು ಮುಕ್ತ ಪರವಾನಗಿ ಇತ್ತು. ಅದನ್ನು ಒಡೆತನದ ಕಂಪೆನಿ ಬದಲಿಸಲಿದೆ ಎಂಬ ಸುದ್ದಿ 2023ರ ಜನವರಿಯಲ್ಲಿ ಹಬ್ಬಿತು. ವಿರೋಧ ಬಲವಾದಾಗ ಅದೇ ತಿಂಗಳ ಕೊನೆಗೆ ಕಂಪೆನಿ ಹಿಂದೆ ಸರಿದು ಮುಖ್ಯ ನಿಯಮಗಳನ್ನು ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತಾದರೂ, ಅಷ್ಟರಲ್ಲಿ ಇವರು ಹೆದರಿ ತಮ್ಮ ಪುಸ್ತಕದ ನಿಯಮಭಾಗವನ್ನೇ ತೆಗೆದುಹಾಕಿ ಹೊಸದಾಗಿ ಬರೆಯತೊಡಗಿದ್ದರು. ಮೊದಲ ವಿಳಂಬ ಅಲ್ಲಿಂದ ಆರಂಭವಾಯಿತು. ಚಿತ್ರಕಾರರೊಬ್ಬರು ಅರ್ಧದಲ್ಲಿ ಬಿಟ್ಟುಹೋದರು. ಮಾದರಿಗೆಂದು ಅಚ್ಚು ಹಾಕಿಸಿದ್ದ ಪ್ರತಿಗಳು ಮನೆಯ ಮಾಳಿಗೆಯಲ್ಲಿ ಮಳೆಗಾಲದ ತೇವಕ್ಕೆ ಸೊಟ್ಟಗಾಗಿ ಬೂಷ್ಟು ಹಿಡಿದವು. ಅಮೆರಿಕದ ಸುಂಕದ ನಿಯಮ ಬದಲಾದ್ದರಿಂದ 2025ರ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಅಲ್ಲಿಗೆ ಹೆಚ್ಚಿನ ಅಂಚೆ ಪಾರ್ಸೆಲ್‌ಗಳು ಹೋಗಲಿಲ್ಲ. ಮುದ್ರಕರ ಕೊರತೆ ಮಾತ್ರ ಅವರಿಗೆ ಎಂದೂ ಆಗಲಿಲ್ಲ. 1841ರಲ್ಲಿಯೇ ಬಾಸೆಲ್ ಮಿಷನ್ ಮುದ್ರಣಾಲಯ ಹುಟ್ಟಿದ ಕರಾವಳಿ ಇದು.

ಅವರನ್ನು ನನ್ನಲ್ಲಿಗೆ ಕರೆತಂದವರು ಅವರ ತಂಗಿ. ಅಣ್ಣ ರಾತ್ರಿ ಮಲಗುವುದಿಲ್ಲ, ಫೋನ್ ಸದ್ದಾದರೆ ಬೆಚ್ಚುತ್ತಾನೆ, ಊಟಕ್ಕೆ ಕರೆದರೆ ‘ಈಗ ಬರೆಯುತ್ತಿದ್ದೇನೆ’ ಎನ್ನುತ್ತಾನೆ ಎಂದರು. ಎದೆ ಡವಡವ ಎನ್ನುವುದು, ಮುಂಜಾನೆಯೇ ಎಚ್ಚರವಾಗಿಬಿಡುವುದು, ತಿಂಗಳುಗಳಿಂದ ಮಿಂಚಂಚೆ ತೆರೆಯದಿರುವುದು ಇವನ್ನು ಅವರೇ ಹೇಳಿಕೊಂಡರು. ಬದುಕು ಸಾಕೆನಿಸಿದೆಯೇ ಎಂದು ಮೊದಲ ಭೇಟಿಯಲ್ಲಿಯೇ ನೇರವಾಗಿ ಕೇಳಿದೆ. ಕೇಳುವುದರಿಂದ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬುದು ತಪ್ಪು ತಿಳಿವಳಿಕೆ; ಕೇಳದೆ ಬಿಡುವುದೇ ಅಪಾಯ. ಅಂಥ ಯೋಚನೆ ಇಲ್ಲವೆಂದರು. ನಿದ್ರೆಯ ತೊಂದರೆಗೆ ಮನೋವೈದ್ಯರನ್ನು ಕಾಣಲು ಕಳುಹಿಸಿದೆ. ರಾತ್ರಿ ಹೊತ್ತು ಸಹಿಸಲಾಗದಿದ್ದರೆ ಕರೆ ಮಾಡಲೆಂದು ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದು ಕೊಟ್ಟೆ.

ಆರಂಭದ ಭೇಟಿಗಳಲ್ಲಿ ಅವರು ತಮ್ಮ ಉದ್ಯಮದ ಚರಿತ್ರೆಯನ್ನೇ ಹೇಳುತ್ತಿದ್ದರು. 1974ರಲ್ಲಿ ಈ ಬಗೆಯ ಆಟವನ್ನು ಮೊದಲು ಮಾರುಕಟ್ಟೆಗೆ ತಂದ ಕಂಪೆನಿಯೇ ಸಾಲದಿಂದಲೂ ಮಾರಾಟವಾಗದೆ ಮರಳಿದ ಪುಸ್ತಕಗಳಿಂದಲೂ ಕುಸಿದು 1997ರಲ್ಲಿ ಇನ್ನೊಬ್ಬರ ಪಾಲಾಯಿತು, ಅಂಥವರೇ ಉಳಿಯಲಿಲ್ಲ, ನನ್ನದೇನು ಎನ್ನುತ್ತಿದ್ದರು. ಹೇಳಿದ್ದೆಲ್ಲ ನಿಜವೇ. ಆದರೆ ಆ ನಿಜದ ಮರೆಯಲ್ಲಿ ಅವರು ತಮ್ಮ ಮುಂಗಡದಾರರ ವಿಷಯವನ್ನು ದೂರವಿಡುತ್ತಿದ್ದಾರೆ ಎನಿಸಿ, ಇಷ್ಟು ಕಾಲದಲ್ಲಿ ಅವರಿಗೆ ಕಳುಹಿಸಿದ ಪತ್ರಗಳನ್ನೆಲ್ಲ ಮುದ್ರಿಸಿ ತನ್ನಿ ಎಂದೆ. ಪ್ರಕರಣ ತಿರುಗಿದ್ದು ಆ ಭೇಟಿಯಲ್ಲಿ.

ಪತ್ರಗಳನ್ನು ಅವರೇ ಗಟ್ಟಿಯಾಗಿ ಓದಬೇಕೆಂದು ಕೇಳಿಕೊಂಡೆ. ಮೊದಲನೆಯದರಲ್ಲಿ ಪುಸ್ತಕ ಮೂರು ತಿಂಗಳು ತಡವಾಗುವುದೆಂದು ಹೇಳಿ, ‘ಆದ್ದರಿಂದ ಎಲ್ಲರಿಗೂ ಒಂದು ಹೆಚ್ಚುವರಿ ಸಾಹಸಕಥೆ ಉಚಿತ’ ಎಂದಿತ್ತು. ಎರಡನೆಯದರಲ್ಲಿ ಇನ್ನೊಂದು ವಿಳಂಬ, ಜೊತೆಗೆ ಬಣ್ಣದ ಭೂಪಟ. ಮುಂದಿನದರಲ್ಲಿ ಸಾದಾ ಹೊದಿಕೆಯ ಬದಲಿಗೆ ಗಟ್ಟಿ ರಟ್ಟು. ಅದರ ಮುಂದಿನದರಲ್ಲಿ ಹೊಸ ಪಾತ್ರವರ್ಗಗಳ ಒಂದು ಅಧ್ಯಾಯ. ಓದುತ್ತಾ ಹೋದಂತೆ ಅವರ ದನಿ ತಗ್ಗಿತು. 96 ಪುಟಗಳ ಪುಸ್ತಕ 224 ಪುಟಗಳಾಗಿತ್ತು. ಹಗುರವಾದ ಪುಸ್ತಕಕ್ಕೆಂದು ಮೊದಲೇ ಪಡೆದಿದ್ದ ಅಂಚೆವೆಚ್ಚದಲ್ಲಿ ಈ ಭಾರದ ಪುಸ್ತಕವನ್ನು ಹೊರದೇಶಕ್ಕೆ ಕಳುಹಿಸುವುದು ಸಾಧ್ಯವೇ ಇರಲಿಲ್ಲ.

ಇವುಗಳನ್ನು ಯಾರಾದರೂ ಕೇಳಿದ್ದರೇ ಎಂದು ವಿಚಾರಿಸಿದೆ. ಕೇಳಿರಬಹುದು ಎಂದರು. ಹುಡುಕಿ ತೋರಿಸಿ ಎಂದೆ. ತಿಂಗಳುಗಳಿಂದ ಮುಟ್ಟದಿದ್ದ ಅಂಚೆಪೆಟ್ಟಿಗೆಯನ್ನು ಅವರು ನನ್ನೆದುರು ಮೊಬೈಲಿನಲ್ಲಿ ತೆರೆದರು. ಬಹಳ ಹೊತ್ತು ಹುಡುಕಿದರು. ಭೂಪಟ ಬೇಕೆಂದು, ರಟ್ಟು ಬೇಕೆಂದು ಕೇಳಿದ ಒಂದು ಪತ್ರವೂ ಇರಲಿಲ್ಲ. ಪುಸ್ತಕ ಯಾವಾಗ ಬರುತ್ತದೆಂದು ಕೇಳಿದವರು ಬಹಳ ಮಂದಿ. ‘ನೀವು ಕ್ಷೇಮವೇ? ಒಂದು ಸಾಲು ಬರೆಯಿರಿ’ ಎಂದು ಕೇಳಿದವರೂ ಇದ್ದರು.

ಇಷ್ಟು ಪತ್ರಗಳಲ್ಲಿ ಎಲ್ಲಿಯೂ ‘ಕ್ಷಮಿಸಿ’ ಎಂದು ಬರೆದಿಲ್ಲವಲ್ಲ, ಏಕೆ ಎಂದು ಕೇಳಿದೆ. ಅವರು ಕೊಟ್ಟ ಉತ್ತರವನ್ನು ಹಾಗೆಯೇ ಬರೆಯುತ್ತೇನೆ: “ಸಾರಿ ಅಂತ ಬರೆದ್ರೆ ನಾನು ತಪ್ಪು ಮಾಡಿದ್ದು ಅಂತ ಆಗ್ತದಲ್ಲ ಮೇಡಂ. ಮ್ಯಾಪ್ ಕೊಟ್ರೆ ಹಾಗೆ ಆಗುದಿಲ್ಲ.”

ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿದಂತೆ ಸುಮ್ಮನಾದರು. ಆಮೇಲೆ ತಂದೆಯ ವಿಷಯ ತಾನಾಗಿ ಬಂತು. ಮಕ್ಕಳನ್ನು ವಿನಾಕಾರಣ ಬೈದರೆ ಅಪ್ಪ ಮರುದಿನ ಸಂಜೆ ಗೋಳಿಬಜೆಯ ಪೊಟ್ಟಣ ಹಿಡಿದುಕೊಂಡು ಬರುತ್ತಿದ್ದರಂತೆ. ಬೈದ ವಿಷಯವನ್ನು ಮಾತ್ರ ಯಾರೂ ಎತ್ತುವಂತಿರಲಿಲ್ಲ. ಆ ಎಳೆಯನ್ನು ಹಿಡಿದು ಬಾಲ್ಯಕ್ಕೆ ಇಳಿಯಬಹುದಿತ್ತೆಂದು ಇಬ್ಬರು ಸಹೋದ್ಯೋಗಿಗಳು ನಂತರ ಹೇಳಿದರು. ಇಳಿಯಬಾರದೆಂದು ನಾನು ಯೋಚಿಸಿಯೇ ನಿರ್ಧರಿಸಿದ್ದೆ. ಮುನ್ನೂರು ಜನ ಉತ್ತರಕ್ಕೆ ಕಾಯುತ್ತಿರುವಾಗ ತಂದೆಯ ಕಡೆಗೆ ತಿರುಗಿದರೆ ಅದೂ ಮುಂದೂಡುವುದಕ್ಕೆ ಇನ್ನೊಂದು ದಾರಿಯಾಗುತ್ತಿತ್ತು. ಒಂದು ನಡೆ ಎಲ್ಲಿಂದ ಬಂತೆಂದು ತಿಳಿಯುವುದಕ್ಕಿಂತ ಅದನ್ನು ಒಮ್ಮೆ ಬೇರೆ ರೀತಿ ನಡೆದು ನೋಡುವುದರಿಂದ ಹೆಚ್ಚು ಬಿಡುಗಡೆ ಸಿಗುತ್ತದೆ ಎಂದು ನಾನು ನಂಬುತ್ತೇನೆ.

ಅವರ ಉದ್ಯಮದಲ್ಲಿ ‘ಸ್ಟ್ರೆಚ್ ಗೋಲ್’ ಎಂಬ ಪದ್ಧತಿ ಇದೆ. ಗುರಿ ಮೀರಿ ಹಣ ಬಂದರೆ ಪುಸ್ತಕಕ್ಕೆ ಏನಾದರೂ ಹೆಚ್ಚು ಸೇರಿಸುತ್ತಾರೆ. ತಾನು ಮಾಡಿದ್ದೂ ಅದೇ ಎಂದು ಅವರು ವಾದಿಸಿದರು. ಅಲ್ಲಿ ಹೆಚ್ಚಿನ ಕೊಡುಗೆಯ ಹಿಂದೆ ಹೆಚ್ಚಿನ ಹಣ ಇರುತ್ತದೆ, ನಿಮ್ಮದರ ಹಿಂದೆ ಏನಿತ್ತು ಎಂದು ಕೇಳಿದಾಗ, ‘ಹೆದರಿಕೆ’ ಎಂದರು.

ನಾನು ಕೊಟ್ಟ ಸಲಹೆ ಹೀಗಿತ್ತು. ಪರಿಹಾರ ಹೊಳೆಯುವವರೆಗೆ ಕಾಯದೆ, ಆ ವಾರವೇ ಎಲ್ಲರಿಗೂ ಒಂದು ಪತ್ರ ಬರೆಯಬೇಕು. ಪುಸ್ತಕ ತಡವಾಯಿತು, ತಿಳಿಸದೆ ಉಳಿದದ್ದು ನನ್ನ ತಪ್ಪು, ಕ್ಷಮಿಸಿ ಎಂಬುದು ಅದರ ಮೊದಲ ವಾಕ್ಯವಾಗಬೇಕು. ಪರವಾನಗಿಯ ಕಥೆ, ಚಿತ್ರಕಾರರ ಕಥೆ, ಮಳೆಯ ಕಥೆ ಆಮೇಲೆ ಬೇಕಾದರೆ ಬರಲಿ. ಹಣ ಎಷ್ಟು ಬಂತು, ಎಲ್ಲಿ ಖರ್ಚಾಯಿತು, ಎಷ್ಟು ಉಳಿದಿದೆ ಎಂಬುದನ್ನು ಮುಚ್ಚಿಡದೆ ಬರೆಯಬೇಕು. ಹೊಸ ಕೊಡುಗೆ ಒಂದೂ ಇರಬಾರದು. ಕೊಟ್ಟ ಹೆಚ್ಚುವರಿ ಮಾತುಗಳಲ್ಲಿ ಯಾವುದನ್ನು ಹಿಂತೆಗೆದುಕೊಳ್ಳುತ್ತಿದ್ದೇನೆಂದು ಹೆಸರಿಸಬೇಕು. ಮುಗಿದಿರುವ ಭಾಗದ ಡಿಜಿಟಲ್ ಪ್ರತಿಯನ್ನು ಪತ್ರದ ಜೊತೆಗೇ ಕಳುಹಿಸಬೇಕು. ಹಣ ಮರಳಿ ಬೇಕೆನ್ನುವವರಿಗೆ ಕೊಡುವುದಾಗಿ ಹೇಳಬೇಕು. ಅಚ್ಚಿನ ದಿನಾಂಕವನ್ನು ಮುದ್ರಣಾಲಯದವರನ್ನು ಕೇಳಿ ಬರೆಯಬೇಕೇ ಹೊರತು ತಮ್ಮ ಆಸೆಯಿಂದ ಬರೆಯಬಾರದು. ಬರುವ ಉತ್ತರಗಳನ್ನು ದಿನಕ್ಕೆ ಒಂದು ಗಂಟೆ ಮಾತ್ರ, ತಂಗಿ ಪಕ್ಕದಲ್ಲಿ ಕುಳಿತಿರುವಾಗ ಓದಬೇಕು. ಮುಂಗಡದ ಹಣಕ್ಕೆ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು.

ಅವರ ಭಯ ಸಹಜವಾದದ್ದೇ. ಎಲ್ಲರೂ ಹಣ ಕೇಳಿದರೆ ಮುಳುಗಿಹೋಗುತ್ತೇನೆ ಎಂದರು. ಹಾಗಾಗುವುದಿಲ್ಲ ಎಂದು ನಾನು ಭರವಸೆ ಕೊಡಲಿಲ್ಲ. ಕೊಡಲು ನನಗೆ ಅಧಿಕಾರವಿಲ್ಲ. ಅತಿ ಕೆಟ್ಟ ಸ್ಥಿತಿಯ ಲೆಕ್ಕವನ್ನು ಕಾಗದದ ಮೇಲೆ ಹಾಕಿಸಿದೆ. ಅರ್ಧಕ್ಕಿಂತ ಕಡಿಮೆ ಹಣ ಉಳಿದಿತ್ತು. ಕೇಳಿದವರಿಗೆ ಸರದಿಯಂತೆ, ಇಂಥ ತಿಂಗಳೊಳಗೆ ಎಂದು ಹೇಳಿ ಕೊಡಲು ಸಾಧ್ಯವಿತ್ತು. ತಡವಾದ ಸರಕಿನ ಹಣ ಮರಳಿಸುವ ಬಗ್ಗೆ 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳಲ್ಲಿಯೂ ಮಾತಿದೆ. ಅವು ಅವರಿಗೆ ಹೇಗೆ ಅನ್ವಯಿಸುತ್ತವೆಂದು ವಕೀಲರನ್ನು ಕೇಳುವಂತೆ ಹೇಳಿದೆ. ಮುಂದಿನ ಭೇಟಿಗೆ ಅವರೇ ಕಿಕ್‌ಸ್ಟಾರ್ಟರ್‌ನ ನಿಯಮಾವಳಿಯ ಒಂದು ಭಾಗವನ್ನು ತಂದು ತೋರಿಸಿದರು. ಯೋಜನೆ ಮುಗಿಸಲಾಗದವರು ಏನು ಕೆಲಸವಾಯಿತು, ಹಣ ಹೇಗೆ ಬಳಕೆಯಾಯಿತು ಎಂಬುದನ್ನು ಪ್ರಾಮಾಣಿಕವಾಗಿ ತಿಳಿಸಿ ಉಳಿದ ಹಣವನ್ನು ಮರಳಿಸಲು ಮುಂದಾಗಬೇಕೆಂದು ಅದರಲ್ಲಿದೆ. ತಮ್ಮ ಮುಂಗಡ ಆ ತಾಣದ ಮೂಲಕ ಬಂದದ್ದಲ್ಲವಾದರೂ, ತಮ್ಮ ಉದ್ಯಮದವರೇ ಒಪ್ಪಿ ನಡೆಯುವ ಮಾತು ಇದೆಂದು ಕಂಡಮೇಲೆ ಅವರಿಗೆ ಪತ್ರ ಬರೆಯುವ ಧೈರ್ಯ ಬಂತು.

ಆಪ್ತಸಲಹೆಗಾರರು ಬ್ಯಾಂಕ್ ಖಾತೆ, ಪತ್ರದ ಮೊದಲ ವಾಕ್ಯ ಇವುಗಳಲ್ಲೆಲ್ಲ ಕೈಹಾಕಬೇಕೇ, ಆಲಿಸಿ ದಾರಿ ಅವರೇ ಕಂಡುಕೊಳ್ಳುವಂತೆ ಮಾಡುವುದಷ್ಟೇ ನಮ್ಮ ಕೆಲಸವಲ್ಲವೇ ಎಂಬ ಆಕ್ಷೇಪವನ್ನು ನಾನು ಕೇಳಿದ್ದೇನೆ. ಬಹುಪಾಲು ಪ್ರಕರಣಗಳಲ್ಲಿ ಅದು ಸರಿ. ಆದರೆ ನಾಚಿಕೆಯಿಂದ ಕಟ್ಟಿಹೋದವರಿಗೆ ದಾರಿ ಗೊತ್ತಿಲ್ಲದಿರುವುದಿಲ್ಲ. ಮೊದಲ ಹೆಜ್ಜೆ ಇಡುವಾಗ ಎದುರಿಗೆ ಒಬ್ಬರು ಬೇಕಾಗಿರುತ್ತಾರೆ. ಕ್ಷಮೆಯ ವಾಕ್ಯವನ್ನು ಅವರು ನನ್ನ ಕೊಠಡಿಯಲ್ಲಿ ಕುಳಿತು ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ಒಂದೊಂದು ಸಲವೂ ವಾಕ್ಯದ ಕೊನೆಗೆ ಒಂದು ಉಚಿತ ವಸ್ತು ತಾನಾಗಿ ಬಂದು ಕೂರುತ್ತಿತ್ತು. ಒಂದೊಂದು ಸಲವೂ ಅದನ್ನು ತೆಗೆಯುವಂತೆ ನಾನು ಹೇಳಬೇಕಾಯಿತು. ಆ ಕೆಲಸವನ್ನು ‘ಮನೆಯಲ್ಲಿ ಮಾಡಿ’ ಎಂದು ಬಿಟ್ಟಿದ್ದರೆ ಭೂಪಟ ಮತ್ತೆ ಪತ್ರದೊಳಗೆ ಸೇರುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಇಂಥವರು ಮನೆಯಲ್ಲಿದ್ದರೆ ಮನೆಯವರು ‘ಯಾವಾಗ ಮುಗಿಸುತ್ತೀ’ ಎಂದು ಕೇಳುವುದನ್ನು ಬಿಡುವುದು ಒಳ್ಳೆಯದು. ಆ ಪ್ರಶ್ನೆಗೆ ಅವರು ಕೊಡುವ ಉತ್ತರ ಇನ್ನೊಂದು ಸುಳ್ಳು ದಿನಾಂಕವಾಗಿರುತ್ತದೆ, ಆಮೇಲೆ ಆ ದಿನಾಂಕಕ್ಕೂ ಹೆದರಬೇಕಾಗುತ್ತದೆ. ‘ಮೊದಲು ಏನು ಕೊಡುವುದೆಂದು ಹೇಳಿದ್ದೆ, ಈಗ ಏನಾಗಿದೆ’ ಎಂದು ಕೇಳಿ. ಬೆಳೆದಿರುವ ಭಾರ ಆಗ ಕಣ್ಣಿಗೆ ಬೀಳುತ್ತದೆ, ಕಡಿಮೆ ಮಾಡುವ ಮಾತಿಗೆ ಅವಕಾಶವಾಗುತ್ತದೆ. ಹಣ ಕೊಟ್ಟು ಕಾಯುತ್ತಿರುವ ಗ್ರಾಹಕರಿಗೂ ಇದೇ ಮಾತು: ತಡವಾದಾಗ ಉಚಿತವಾಗಿ ಏನಾದರೂ ಕೊಡುತ್ತೇನೆ ಎಂದರೆ ಬೇಡವೆಂದು ಹೇಳಿ, ಕೊಡಬೇಕಾದ್ದನ್ನು ಕೊಟ್ಟರೆ ಸಾಕೆಂದು ಬರೆಯಿರಿ.

ಪತ್ರ ಹೋಯಿತು. ಹಣ ಮರಳಿ ಕೇಳಿದವರು ಅವರು ಅಂದಾಜಿಸಿದ್ದಕ್ಕಿಂತ ಕಡಿಮೆ, ಆದರೆ ನಗಣ್ಯವಲ್ಲ. ಕೆಲವರು ಕಟುವಾಗಿ ಬರೆದರು, ಒಬ್ಬರು ಎಲ್ಲರೂ ಓದುವಂತೆ ಬರೆದರು. ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಹೆಚ್ಚಿನವರು ಕಾಯುತ್ತೇವೆ ಎಂದರು. ಸಾದಾ ಹೊದಿಕೆಯ 128 ಪುಟಗಳ ಪುಸ್ತಕ ಅಚ್ಚಾಗಿ ಹೋಗಿದೆ. ಖರ್ಚು ತೂಗಿಸಲು ಅವರು ಅರ್ಧ ದಿನದ ಕೆಲಸವೊಂದಕ್ಕೆ ಸೇರಿದ್ದಾರೆ. ಕೆಲವರಿಗೆ ಹಣ ಮರಳಿಸುವುದು ಇನ್ನೂ ಬಾಕಿ ಇದೆ.

ಈಗ ನಮ್ಮಿಬ್ಬರ ನಡುವೆ ಒಂದು ಭಿನ್ನಾಭಿಪ್ರಾಯ ಉಳಿದಿದೆ. ಆ ಬಾಕಿ ತೀರುವವರೆಗೆ ಮುಂದಿನ ಪುಸ್ತಕಕ್ಕೆ ಮುಂಗಡ ಪಡೆಯಬಾರದು, ಪಡೆಯುವುದಾದರೂ ಪೂರ್ತಿ ಬರೆದು ಮುಗಿದ ಪುಸ್ತಕಕ್ಕೆ ಮಾತ್ರ ಪಡೆಯಬೇಕು ಎಂಬುದು ನನ್ನ ಸಲಹೆ. ಮುಂಗಡವಿಲ್ಲದೆ ಚಿತ್ರಕಾರರಿಗೆ ಹಣ ಕೊಡಲಾಗುವುದಿಲ್ಲ, ಚಿತ್ರವಿಲ್ಲದ ಪುಸ್ತಕವನ್ನು ಈ ಮಾರುಕಟ್ಟೆಯಲ್ಲಿ ಯಾರೂ ಕೊಳ್ಳುವುದಿಲ್ಲ ಎನ್ನುತ್ತಾರೆ ಅವರು. ಅವರ ಮಾತಿನಲ್ಲಿ ಹುರುಳಿದೆ. ಬರವಣಿಗೆ ಪೂರ್ತಿ ಮುಗಿಸಿ, ಚಿತ್ರ ಮತ್ತು ಅಚ್ಚಿಗಷ್ಟೇ ಮುಂಗಡ ಪಡೆದರೆ ಆದೀತೇ ಎಂದು ಕಳೆದ ಭೇಟಿಯಲ್ಲಿ ಕೇಳಿದರು. ಪುಟಗಳ ಸಂಖ್ಯೆಯನ್ನು ಮುಂಗಡದ ಪ್ರಕಟಣೆಯಲ್ಲಿಯೇ ನಮೂದಿಸಿ, ಅದನ್ನು ಮುಂದೆ ಹೆಚ್ಚಿಸುವುದಿಲ್ಲ ಎಂದೂ ಬರೆಯುವುದಾದರೆ ಆಗಬಹುದು ಎಂದಿದ್ದೇನೆ. ಅವರು ಯೋಚಿಸಿ ಹೇಳುತ್ತಾರಂತೆ.