ಸ್ಟಾಕ್‌ಹೋಮಿಗೆ ಹೊಸದಾಗಿ ಬಂದ ಬೀದರಿನ ತಮ್ಮನಿಗೆ: ಮೊದಲು ವಾಸಾ ಹಡಗನ್ನು ನೋಡಿ

ಆತ್ಮೀಯ ತಮ್ಮ, ಶರಣು ಶರಣಾರ್ಥಿ.

ನಿಮ್ಮ ಪತ್ರ ನನಗೆ ಕಲಬುರಗಿಯಲ್ಲಿ, ಬ್ರಹ್ಮಪುರದ ನಮ್ಮ ಮನೆಯಲ್ಲಿ, ಶರಣಬಸವೇಶ್ವರ ಜಾತ್ರೆಯ ಗದ್ದಲದ ನಡುವೆ ತಲುಪಿತು. ಬೀದರಿನಿಂದ ಸ್ಟಾಕ್‌ಹೋಮಿಗೆ ಬಂದು ಎರಡು ತಿಂಗಳಾದರೂ ಶನಿವಾರ, ಭಾನುವಾರಗಳು ಸರಿಯುವುದೇ ಇಲ್ಲವೆಂದೂ, ಮೇ ತಿಂಗಳಲ್ಲಿ ಅಪ್ಪ ಅವ್ವ ಬಂದರೆ ಅವರಿಗೆ ಏನು ತೋರಿಸಬೇಕೆಂಬುದು ತಿಳಿಯದೆಂದೂ ಬರೆದಿದ್ದೀರಿ. ಕೊನೆಯಲ್ಲಿ, ಹೇಳಲೋ ಬೇಡವೋ ಎಂಬಂತೆ, ಇನ್ನೊಂದು ಮಾತು ಸೇರಿಸಿದ್ದೀರಿ: ತಂಡದ ಹಿರಿಯರು ಒಪ್ಪಿಗೆ ಕೊಟ್ಟಿರುವ ಯೋಜನೆಯಲ್ಲಿ ನಿಮಗೊಂದು ದೋಷ ಕಾಣುತ್ತಿದೆ, ಬಂದ ಹೊಸದರಲ್ಲಿಯೇ ಅದನ್ನು ಎತ್ತಿ ಆಡಿದರೆ ಉದ್ಧಟತನ ಎನಿಸೀತೇ ಎಂಬ ಅಳುಕು. ಹದಿನೇಳು ವರ್ಷ ಆ ಊರಿನಲ್ಲಿ ಬಾಳಿದ ನಾನು ಮೂರಕ್ಕೂ ಒಂದೇ ಜಾಗ ತೋರಿಸುತ್ತೇನೆ. ಅದು ಯೂರ್‌ಗೋರ್ಡೆನ್ ದ್ವೀಪದಲ್ಲಿರುವ ವಾಸಾ ವಸ್ತುಸಂಗ್ರಹಾಲಯ.

ಒಳಗೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಕತ್ತಲೆಯೇ ಕಾಣುತ್ತದೆ. ಮರಕ್ಕೆ ಬೆಳಕು ತಾಗಬಾರದೆಂದು ದೀಪಗಳನ್ನು ಮಂದವಾಗಿಟ್ಟಿರುತ್ತಾರೆ. ಕಣ್ಣು ಹೊಂದಿಕೊಂಡ ಮೇಲೆ ಎದುರಿಗೆ ಹಳೆಯ ವಾಡೆಯೊಂದರ ಗೋಡೆಯಂತೆ ಕಪ್ಪಗೆ ಎದ್ದು ನಿಂತಿರುವುದು ಹಡಗು ಎಂಬುದು ಹೊಳೆಯುತ್ತದೆ. ಮೂತಿಯ ಉದ್ದನೆಯ ಕಂಬವೂ ಸೇರಿ ಅದರ ಉದ್ದ 69 ಮೀಟರ್. ಹಿಂಬದಿಯ ತುಂಬ ಸಿಂಹಗಳು, ಮತ್ಸ್ಯಕನ್ಯೆಯರು; ಮೂತಿಯ ಕಡೆ ರೋಮನ್ ಚಕ್ರವರ್ತಿಗಳು. ಕಣ್ಣ ಮುಂದಿರುವ ಮರದಲ್ಲಿ ನೂರಕ್ಕೆ 98 ಪಾಲು 1628ರದೇ. ನಾನು ಯುರೋಪಿನಲ್ಲಿ ಸಾಕಷ್ಟು ಅರಮನೆಗಳನ್ನು ನೋಡಿದ್ದೇನೆ, ಎರಡನೆಯ ಸಲ ನೋಡಬೇಕೆನಿಸಿದ್ದು ಕಡಿಮೆ. ಈ ಹಡಗಿನ ಮುಂದೆ ಮಾತ್ರ ಹತ್ತು ಹನ್ನೆರಡು ಸಲವಾದರೂ ನಿಂತಿದ್ದೇನೆ.

ಸ್ವೀಡನ್ನಿನ ದೊರೆ ಎರಡನೆಯ ಗುಸ್ತಾವ್ ಅಡಾಲ್ಫ್ ಪೋಲೆಂಡಿನ ಮೇಲಿನ ಯುದ್ಧಕ್ಕಾಗಿ ಕಟ್ಟಿಸಿದ ಹಡಗು ಇದು. 64 ತೋಪುಗಳು, ಎರಡು ಅಂತಸ್ತಿನ ತೋಪಿನ ಅಟ್ಟಗಳು. 1628ರ ಆಗಸ್ಟ್ 10, ಭಾನುವಾರ, ಊರಿನ ಜನ ದಂಡೆಯಲ್ಲಿ ನಿಂತು ನೋಡುತ್ತಿರುವಾಗ ವಾಸಾ ತನ್ನ ಮೊದಲ ಯಾನಕ್ಕೆ ಹೊರಟಿತು. ಹತ್ತು ಪಟಗಳಲ್ಲಿ ನಾಲ್ಕನ್ನು ಮಾತ್ರ ಬಿಚ್ಚಿದ್ದರು. ಒಂದು ಗಾಳಿಗೆ ವಾಲಿ ಹೇಗೋ ಸುಧಾರಿಸಿಕೊಂಡಿತು. ಇನ್ನೊಂದಕ್ಕೆ ಮಗ್ಗುಲಾದಾಗ, ತೆರೆದಿಟ್ಟಿದ್ದ ಕೆಳಸಾಲಿನ ತೋಪಿನ ಕಿಂಡಿಗಳಿಂದ ನೀರು ನುಗ್ಗಿತು. ಸುಮಾರು 1300 ಮೀಟರ್ ಸಾಗಿದ್ದಷ್ಟೇ, 32 ಮೀಟರ್ ಆಳಕ್ಕೆ ಇಳಿದುಹೋಯಿತು. ಸುಮಾರು 30 ಜನ ಸತ್ತರು.

2014ರಲ್ಲಿ ನನ್ನ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವರು ನೆಹರೂ ಗಂಜ್‌ನ ಅಡತಿ ಅಂಗಡಿಯಲ್ಲಿ ಮೂವತ್ತೆರಡು ವರ್ಷ ಮುನೀಮರಾಗಿದ್ದವರು, ಸಮುದ್ರ ನೋಡಿದ್ದೇ ಒಂದು ಸಲ. ಹಡಗಿನ ಹತ್ತನೆಯ ಒಂದು ಪಾಲಿನ ಅಳತೆಯಲ್ಲಿ ಬಣ್ಣ ಬಳಿದು, ಪಟ ಕಟ್ಟಿ ಮಾಡಿಟ್ಟಿರುವ ಮಾದರಿಯನ್ನು ಅವರು ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕಿದರು. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ, "ಮ್ಯಾಲ ಭಾಳ ಹೇರ್ಯಾರ, ಬುಡಕ ವಜನ ಸಾಲಿಲ್ಲ" ಎಂದರು. ತೊಗರಿಯ ಬಂಡಿ ಹೇರುವಾಗ ತುಂಬಿದ ಚೀಲ ತಳಕ್ಕೆ, ಹೊಟ್ಟಿನ ಚೀಲ ಮೇಲಕ್ಕೆ ಎಂಬುದು ಗಂಜ್‌ನ ಯಾವ ಹಮಾಲನಿಗೂ ಹೇಳಿಕೊಡಬೇಕಾಗಿಲ್ಲ. ಹಡಗಿನ ತಳದಲ್ಲಿ 120 ಟನ್ ಕಲ್ಲು ತುಂಬಿದ್ದರು. ಇನ್ನಷ್ಟು ತುಂಬಿದ್ದರೆ ಹಡಗು ತಗ್ಗಿ, ಆ ಕೆಳಗಿನ ಕಿಂಡಿಗಳೇ ನೀರಿನ ಅಂಚಿಗೆ ಬರುತ್ತಿದ್ದವು. ಅಂದರೆ ತಪ್ಪು ಹೇರಿಕೆಯದಕ್ಕಿಂತ ಬಂಡಿಯದೇ ಆಗಿತ್ತು. ಹಡಗಿನಲ್ಲಿ ಸಿಕ್ಕ ಬಡಗಿಗಳ ಅಳತೆಕೋಲುಗಳನ್ನೂ ಅಲ್ಲಿ ಇಟ್ಟಿದ್ದಾರೆ. ಕೆಲವು 12 ಅಂಗುಲದ ಸ್ವೀಡಿಷ್ ಅಡಿಯವು, ಉಳಿದವು 11 ಅಂಗುಲದ ಆಮ್‌ಸ್ಟರ್‌ಡ್ಯಾಮ್ ಅಡಿಯವು. ಒಂದೇ ಹಡಗಿನ ಮೇಲೆ ಎರಡು ಬಗೆಯ ಅಡಿಗಳು ಓಡಾಡಿವೆ.

ನಿಮ್ಮ ಮೂರನೆಯ ಪ್ರಶ್ನೆಗೆ ಸಂಬಂಧಿಸಿದ್ದು ಇನ್ನು ಮುಂದಿನದು. ಯಾನಕ್ಕೆ ಮುನ್ನವೇ ನೌಕಾಧಿಪತಿ ಕ್ಲಾಸ್ ಫ್ಲೆಮಿಂಗ್ ಅವರ ಎದುರಿಗೆ ಒಂದು ಪರೀಕ್ಷೆ ನಡೆದಿತ್ತು. ಮೂವತ್ತು ಜನರನ್ನು ಅಟ್ಟದ ಈ ಬದಿಯಿಂದ ಆ ಬದಿಗೆ ಒಟ್ಟಾಗಿ ಓಡಿಸಿದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಎಷ್ಟು ತೂಗಾಡಿತೆಂದರೆ, ಕಟ್ಟಿದಲ್ಲಿಯೇ ಮಗುಚೀತೆಂಬ ಭಯಕ್ಕೆ ಪರೀಕ್ಷೆಯನ್ನೇ ನಿಲ್ಲಿಸಿದರು. ಪರೀಕ್ಷೆ ನಿಂತಿತು, ಹಡಗು ನಿಲ್ಲಲಿಲ್ಲ. ದೊರೆ ದೂರದ ಯುದ್ಧಭೂಮಿಯಿಂದ ಬೇಗ ಕಳಿಸಿರೆಂದು ಒತ್ತಾಯಿಸುತ್ತಿದ್ದ. ಮುಖ್ಯ ಶಿಲ್ಪಿ ಹೆನ್ರಿಕ್ ಹ್ಯೂಬರ್ಟ್‌ಸನ್ ಹಿಂದಿನ ವರ್ಷವೇ ತೀರಿಕೊಂಡಿದ್ದ. ಅಳತೆಗಳಿಗೆ ಒಪ್ಪಿಗೆ ಕೊಟ್ಟವನು ದೊರೆಯೇ. ಮುಳುಗಿದ ಮೇಲೆ ವಿಚಾರಣೆ ಕೂತಾಗ, ಹಾಗಾದರೆ ತಪ್ಪು ಯಾರದು ಎಂಬ ಪ್ರಶ್ನೆಗೆ ಹಡಗುಕಟ್ಟೆಯ ಗುತ್ತಿಗೆಯ ಪಾಲುದಾರ ಕೊಟ್ಟ ಉತ್ತರ, ದೇವರೊಬ್ಬನಿಗೇ ಗೊತ್ತು ಎಂಬುದು. ಯಾರಿಗೂ ಶಿಕ್ಷೆಯಾಗಲಿಲ್ಲ.

ಈ ಸಲದ ಜಾತ್ರೆಯಲ್ಲಿ ತೇರಿನ ಹತ್ತಿರವೇ ನಿಂತು ನೋಡಿದೆ. ಗಾಲಿಗೆ ಅಡ್ಡ ಕೊಡುವ ಮರದ ತುಂಡು ಹಿಡಿದು ಪಕ್ಕದಲ್ಲಿ ಓಡುವವನು ಕೈ ಎತ್ತಿ ಕೂಗಿದರೆ, ಹಗ್ಗ ಹಿಡಿದ ಅಷ್ಟೂ ಜನ ನಿಲ್ಲಬೇಕು. ಆತ ಯಾರ ಮನೆಯವನು ಎಂದು ಆ ಕ್ಷಣದಲ್ಲಿ ಯಾರೂ ಕೇಳುವುದಿಲ್ಲ. ಇದನ್ನು ಹುಟ್ಟಿದಂದಿನಿಂದ ನೋಡಿದ ನಾನೇ ಆಫೀಸಿನಲ್ಲಿ ಕೈ ಎತ್ತಲಿಲ್ಲ. ಮೊದಲ ವರ್ಷ ಕೆಲಸ ಮಾಡಿದ ಕಡೆ, ಪಂಪಿನ ತಳಪಾಯದ ನಕ್ಷೆಯಲ್ಲಿ ಪೈಪಿನ ಜೋಡಣೆಯ ತೂತುಗಳು ಹೊಂದುವುದಿಲ್ಲ ಎಂಬುದು ನನಗೆ ಕಂಡಿತ್ತು. ಕೆಳಗೆ ಹಿರಿಯರ ಸಹಿ ಇದ್ದುದರಿಂದ, ಅವರಿಗಿಂತ ನನಗೆ ಹೆಚ್ಚು ತಿಳಿದಿದೆಯೇ ಎಂದು ಸುಮ್ಮನಾದೆ. ಮೂರು ವಾರದ ನಂತರ ಮಾಲು ತಯಾರಾಗಿ ಬಂತು, ಕೂರಲಿಲ್ಲ. ಆ ಹಿರಿಯರು ಸಿಟ್ಟಾಗಲಿಲ್ಲ. ನಿನಗೆ ಯಾವಾಗ ಗೊತ್ತಾಯಿತು ಎಂದಷ್ಟೇ ಕೇಳಿದರು. ಮೂರು ವಾರದ ಹಿಂದೆ ಎಂದು ಹೇಳುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ.

ಆದ್ದರಿಂದ ಹೇಳಿ, ತಮ್ಮ. ಆದರೆ ಸಭೆಯಲ್ಲಿ ಎಲ್ಲರ ಎದುರು ಒಮ್ಮೆಲೇ ಎತ್ತಬೇಡಿ, ಅಲ್ಲಿನವರಿಗೂ ಅದು ಹಿಡಿಸುವುದಿಲ್ಲ. ಅವರು ಫೀಕಾ ಎನ್ನುವ ಕಾಫಿಯ ಹೊತ್ತಿನಲ್ಲಿ ಹಿರಿಯರ ಪಕ್ಕ ಕುಳಿತು, ಲೆಕ್ಕ ಬರೆದ ಒಂದು ಹಾಳೆ ಮುಂದಿಟ್ಟು, ಈ ಅಂಕಿ ನನಗೆ ಅರ್ಥವಾಗುತ್ತಿಲ್ಲ ಎಂದು ಕೇಳಿ. ಸಾಮಾನ್ಯವಾಗಿ ಸಭೆಗೆ ಅದನ್ನು ಅವರೇ ತರುತ್ತಾರೆ. ಅಲ್ಲಿ ಮೇಲಧಿಕಾರಿಯನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ನಾಲಿಗೆ ತಿರುಗಲು ಒಂದು ವರ್ಷ ಹಿಡಿಯಿತು, ನಿಮಗೆ ಬೇಗ ರೂಢಿಯಾಗಲಿ.

ಅಪ್ಪ ಅವ್ವನವರಿಗೆ ಹಡಗು ಮುಳುಗಿದ ಕತೆಗಿಂತ ಉಳಿದ ಕತೆ ಹೆಚ್ಚು ರುಚಿಸಬಹುದು. ಬೇರೆ ಸಮುದ್ರಗಳಲ್ಲಿ ಮುಳುಗಿದ ಮರವನ್ನು, ನಮ್ಮ ಕಡೆಯ ಗೆದ್ದಲಿನಂತೆ, ಒಂದು ಬಗೆಯ ಹುಳು ಕೊರೆದು ತಿಂದುಬಿಡುತ್ತದೆ. ಸ್ಟಾಕ್‌ಹೋಮಿನ ಬಾಲ್ಟಿಕ್ ನೀರಿನಲ್ಲಿ ಉಪ್ಪು ಕಡಿಮೆ, ಆ ಹುಳು ಅಲ್ಲಿ ಬದುಕುವುದಿಲ್ಲ. ಬಿದರಿ ಪಾತ್ರೆಗೆ ಆ ಕಪ್ಪು ಬರಲು ನಿಮ್ಮ ಕೋಟೆಯ ಮಣ್ಣೇ ಬೇಕಲ್ಲ, ಹಾಗೆಯೇ ಈ ಹಡಗು ಉಳಿಯಲು ಆ ನೀರೇ ಬೇಕಿತ್ತು. 1956ರಲ್ಲಿ ಆಂಡರ್ಸ್ ಫ್ರಾನ್ಸೇನ್ ಇದರ ಜಾಗ ಪತ್ತೆ ಹಚ್ಚಿದರು. ಮುಳುಗುಗಾರರು ಕತ್ತಲೆಯ ಕೆಸರಿನಲ್ಲಿ ಹಡಗಿನಡಿ ಆರು ಸುರಂಗ ತೋಡಿ ಉಕ್ಕಿನ ಹಗ್ಗ ತೂರಿಸಿದರು. 1961ರ ಏಪ್ರಿಲ್ 24ರಂದು, 333 ವರ್ಷಗಳ ನಂತರ, ಅದು ನೀರಿನಿಂದ ಮೇಲೆದ್ದಿತು. ಹಾಗೆಯೇ ಒಣಗಲು ಬಿಟ್ಟಿದ್ದರೆ ಬೇಸಿಗೆಯಲ್ಲಿ ನಮ್ಮ ಬೇವಿನ ಚೌಕಟ್ಟು ಸೀಳುವಂತೆ ಸೀಳಿಹೋಗುತ್ತಿತ್ತು. ಮರದೊಳಗಿನ ನೀರಿನ ಜಾಗದಲ್ಲಿ ಮೇಣದಂಥ ಪಾಲಿಎಥಿಲೀನ್ ಗ್ಲೈಕಾಲ್ ಸೇರಿಕೊಳ್ಳಲೆಂದು 17 ವರ್ಷ ಅದನ್ನು ಸಿಂಪಡಿಸಿದರು. ಈಗಿನ ಕಟ್ಟಡ ತೆರೆದದ್ದು 1990ರಲ್ಲಿ.

ಕೆಳಗಿನ ಅಂತಸ್ತಿನಲ್ಲಿ ಸತ್ತವರ ಅಸ್ಥಿಪಂಜರಗಳನ್ನು ಇಟ್ಟಿದ್ದಾರೆ. ಅವ್ವನವರಿಗೆ ಮೊದಲೇ ಹೇಳಿ. ನಮ್ಮ ಅವ್ವ ಅಲ್ಲಿಂದ ಹೊರಬಂದು, ಇವರನ್ನು ಮಣ್ಣು ಮಾಡಬೇಕಿತ್ತು ಎಂದು ಮನೆ ಸೇರುವವರೆಗೂ ಹೇಳುತ್ತಲೇ ಇದ್ದರು. ಒಳಗಿನ ಗಾಳಿಯನ್ನು ಮರದ ಹಿತಕ್ಕಾಗಿ ವರ್ಷವಿಡೀ 18ರಿಂದ 20 ಡಿಗ್ರಿಯಲ್ಲಿ ಇಡುತ್ತಾರಾದ್ದರಿಂದ, ಬೀದರಿನ ಮೇ ತಿಂಗಳಿನಿಂದ ಬರುವವರಿಗೆ ಸ್ವೆಟರ್ ಬೇಕೇ ಬೇಕು. ಹೋಗುವಾಗ 7ನೇ ನಂಬರಿನ ಟ್ರಾಮ್ ಹತ್ತಿ, ಬರುವಾಗ ದೋಣಿಯಲ್ಲಿ ಸ್ಲುಸ್ಸೆನ್‌ಗೆ ಬನ್ನಿ. ನಗರದ ಪಾಸಿನಲ್ಲಿಯೇ ಎರಡೂ ನಡೆಯುತ್ತವೆ.

ನಾನು ಏಪ್ರಿಲ್ ಎರಡನೆಯ ವಾರ ಮರಳುತ್ತೇನೆ. ನನ್ನ ಸಾಮಾನಿನಲ್ಲಿ ನಿಮಗಾಗಿ ಐದು ಕಿಲೋದಷ್ಟು ಜಾಗ ಬಿಟ್ಟಿರುತ್ತೇನೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಏನಿದ್ದರೂ ಅವ್ವನವರು ಅಷ್ಟರೊಳಗೆ ಕಲಬುರಗಿಗೆ ಕಳಿಸಲಿ. ಎಣ್ಣೆಯ ಉಪ್ಪಿನಕಾಯಿ ಮಾತ್ರ ಬೇಡ; ಹೋದ ಸಲ ಡಬ್ಬಿ ಒಡೆದು ನನ್ನ ಎರಡು ಅಂಗಿಗಳು ಇನ್ನೂ ಹಳದಿಯಾಗಿಯೇ ಇವೆ.