ಸಂಡೂರಿನ ಕಲ್ಲಿನೊಳಗಿನ ಜರಿಗಿಡ

ಪ್ರಶ್ನೆ: ಹಲವು ವರ್ಷಗಳಿಂದ ಕಲ್ಲುಗಳನ್ನು ಸಂಗ್ರಹಿಸುತ್ತಿದ್ದೇನೆ. ಸಂಡೂರಿನ ಗುಡ್ಡದ ಬುಡದಲ್ಲಿ ಸಿಕ್ಕ ಒಂದು ಕಲ್ಲು ಒಡೆದಾಗ, ಒಳಮೈಯಲ್ಲಿ ಜರಿಗಿಡದಂತಹ ಕಪ್ಪು ಚಿತ್ರ ಕಂಡಿತು. ಇದು ಸಸ್ಯದ ಪಳೆಯುಳಿಕೆಯೇ?
– ಓದುಗರೊಬ್ಬರು, ಬಳ್ಳಾರಿ ಜಿಲ್ಲೆ

ಉತ್ತರ: ನೀವು ಕಳುಹಿಸಿದ ಚಿತ್ರ ನಿಜಕ್ಕೂ ಮೋಹಕವಾಗಿದೆ, ಆದರೆ ಅದು ಸಸ್ಯವಲ್ಲ. ಮ್ಯಾಂಗನೀಸ್ ಕರಗಿದ ನೀರು ಕಲ್ಲಿನ ಕೂದಲೆಳೆಯಂತಹ ಬಿರುಕುಗಳಿಗೆ ಇಳಿದು, ಅಲ್ಲಿ ಆಕ್ಸೈಡ್ ಆಗಿ ಕವಲೊಡೆಯುತ್ತ ಬೆಳೆದಾಗ ಇಂತಹ ಚಿತ್ತಾರ ಮೂಡುತ್ತದೆ. ಇದಕ್ಕೆ ಡೆಂಡ್ರೈಟ್ ಎಂದು ಹೆಸರು. ಮ್ಯಾಂಗನೀಸ್ ಅದಿರಿಗೆ ಹೆಸರಾದ ಸಂಡೂರಿನಲ್ಲಿ ಅದು ಸಿಕ್ಕಿದ್ದು ಅಚ್ಚರಿಯಲ್ಲ.

ಭೂತಗಾಜಿನಲ್ಲಿ ನೋಡಿರಿ. ನಿಜವಾದ ಜರಿ ಎಲೆಗೆ ನಡುದಂಟು ಇದ್ದು, ಕಿರುಎಲೆಗಳು ಅದರ ಎರಡೂ ಬದಿಗೆ ಒಂದು ಕ್ರಮದಲ್ಲಿ ಹೊರಡುತ್ತವೆ, ಪ್ರತಿಯೊಂದರಲ್ಲೂ ನರಗಳಿರುತ್ತವೆ. ನಿಮ್ಮ ಕಲ್ಲಿನಲ್ಲಿ ಕವಲುಗಳು ಬಿರುಕಿನ ಅಂಚಿನಿಂದಲೇ ಹೊರಟು ಮನಬಂದಂತೆ ಹರಡಿವೆ. ಇದಕ್ಕಿಂತ ಬಲವಾದ ಸಾಕ್ಷಿ ಕಾಲದ್ದು: ಸಂಡೂರಿನ ಶಿಲಾಪಟ್ಟಿಗೆ ಸುಮಾರು 270 ಕೋಟಿ ವರ್ಷಗಳಾದರೆ, ನೆಲದ ಸಸ್ಯಗಳು ಹುಟ್ಟಿದ್ದು ಸುಮಾರು 47 ಕೋಟಿ ವರ್ಷಗಳ ಹಿಂದೆ.

ಹಾಗೆಂದು ನಿರಾಶರಾಗಬೇಡಿ. ಇದೇ ಶಿಲಾಪಟ್ಟಿಯ ಸುಣ್ಣಕಲ್ಲುಗಳಲ್ಲಿ ಸ್ಟ್ರೊಮಾಟೊಲೈಟ್‌ಗಳು, ಅಂದರೆ ಸೂಕ್ಷ್ಮಜೀವಿಗಳ ಪೊರೆಗಳು ಪದರಪದರವಾಗಿ ಕಟ್ಟಿದ ಗುಮ್ಮಟದಾಕಾರದ ರಚನೆಗಳು ದೊರೆತಿವೆ, ಮತ್ತು ನನ್ನ ದೃಷ್ಟಿಯಲ್ಲಿ ಅವು ಯಾವ ಎಲೆಯ ಅಚ್ಚಿಗಿಂತಲೂ ಅಮೂಲ್ಯ. ಅಂತಹ ಬಾಗಿದ ಪದರಗಳು ಕಂಡರೆ ದಯವಿಟ್ಟು ಒಡೆಯಬೇಡಿ, ಕೀಳಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು, ಸ್ಥಳವನ್ನು ನಿಖರವಾಗಿ ಬರೆದುಕೊಂಡು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ಕಳುಹಿಸಿ.